ಸವೆದ ನಾಣ್ಯವನ್ನು ಮಕ್ಕಳು ಮುಟ್ಟಲಿ ಬಿಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಹಳೇ ನಾಣ್ಯಗಳನ್ನು ಜೋಪಾನ ಮಾಡುವುದು ಹೇಗೆ ಅಂತ ಒಂದು ಸಣ್ಣ ಬರಹ ಬಂದಿತ್ತು. ಚೆನ್ನಾಗಿತ್ತು. ಆದರೆ ಅದರಲ್ಲಿ ದಪ್ಪ ಅಕ್ಷರದಲ್ಲಿ 'ನಾಣ್ಯಗಳನ್ನು ಬರಿಗೈಯಲ್ಲಿ ಮುಟ್ಟಲೇಬಾರದು' ಅಂತ ಒಂದು ಸಾಲಿತ್ತು ನೋಡಿ, ಅದನ್ನು ಓದಿದಾಗಿನಿಂದ ಸುಮ್ನೆ ಕೂರಲು ಆಗುತ್ತಿಲ್ಲ. ನಾನು ಬೆಟಗೇರಿಯವನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾಗಿದ್ದೇನೆ. ಅಪ್ಪನದು ಕಿರಾಣಿ ಅಂಗಡಿ ಇತ್ತು. ಗಲ್ಲಾಪೆಟ್ಟಿಗೆಗೆ ಬಂದು, ಆಮೇಲೆ ಚಲಾವಣೆ ನಿಂತುಹೋದ ಚಿಲ್ಲರೆಯನ್ನೆಲ್ಲ ಅವರು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿ ಇಡುತ್ತಿದ್ದರು. ಆ ಡಬ್ಬಿ ಈಗ ನನ್ನ ಹತ್ತಿರ ಇದೆ. ನಾಣ್ಯದ ವಿಷಯದಲ್ಲಿ ನನಗಿರುವ ಅರ್ಹತೆ ಅಷ್ಟೇ.

ಬರೆಯೋಕೆ ಇನ್ನೊಂದು ಕಾರಣ ಇದೆ. ಸ್ವಲ್ಪ ದಿನದ ಹಿಂದೆ ಹುಬ್ಬಳ್ಳಿಯಲ್ಲಿ ನಾಣ್ಯ, ನೋಟುಗಳ ಪ್ರದರ್ಶನ ಇದೆ ಅಂತ ಗೊತ್ತಾಗಿ, ನಾಲ್ಕನೇ ಇಯತ್ತೆ ಓದುವ ಮೊಮ್ಮಗಳನ್ನು ಕರೆದುಕೊಂಡು ಗದಗದಿಂದ ಬಸ್ಸು ಹತ್ತಿ ಹೋಗಿದ್ದೆ. ಒಂದು ಟೇಬಲ್ಲಿನ ಮೇಲೆ ಸ್ಟೀಲಿನ ತಾಟಿನಲ್ಲಿ ತಾಮ್ರದ ಹಳೇ ಕಾಸುಗಳನ್ನು ಶೇಂಗಾ ಸುರಿದ ಹಾಗೆ ಸುರಿದಿದ್ದರು. ಯಾವುದನ್ನು ಆರಿಸಿಕೊಂಡರೂ ಒಂದಕ್ಕೆ 50 ರೂಪಾಯಿ. ಎಲ್ಲವೂ ಸವೆದು ನುಣ್ಣಗಾದವು, ರಾಜನೋ ರಾಣಿಯೋ ಗೊತ್ತಾಗದಷ್ಟು. ಹುಡುಗಿ ಆಸೆಯಿಂದ ಒಂದನ್ನು ಎತ್ತಿಕೊಂಡಳು. ಅಷ್ಟಕ್ಕೇ ಟೇಬಲ್ಲಿನ ಹಿಂದೆ ಇದ್ದವರು, "ಏ ಪಾಪಾ, ಮುಟ್ಟಬ್ಯಾಡ, ಕೈ ಬೆವರಿಗೆ ಹಾಳಾಗ್ತಾವು!" ಅಂತ ಗದರಿಸಿಬಿಟ್ಟರು. ಆಕೆ ನಾಣ್ಯವನ್ನು ತಾಟಿಗೆ ಹಾಕಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಉಳಿದ ಪ್ರದರ್ಶನವನ್ನೆಲ್ಲ ಹಾಗೇ ಕೈ ಕಟ್ಟಿಕೊಂಡೇ ನೋಡಿದಳು.

ಗದರಿಸಿದವರು ಬಿಳಿ ಹತ್ತಿಯ ಕೈಗವಸು ಹಾಕಿಕೊಂಡಿದ್ದರು. ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತು ನೋಡಿದೆ. ಅದೇ ಗವಸಿನಲ್ಲಿ ಹಣೆ ಒರೆಸಿಕೊಂಡರು, ಅದೇ ಗವಸಿನಲ್ಲಿ ಮೊಬೈಲ್ ತೆಗೆದು ಯಾರಿಗೋ ಮಾತಾಡಿದರು, ಚಹಾದ ಕಪ್ಪು ಹಿಡಿದರು, ಆಮೇಲೆ ಅದೇ ಗವಸಿನಲ್ಲಿ ಒಂದು ಬೆಳ್ಳಿ ರೂಪಾಯಿಯನ್ನು ಎರಡೂ ಬದಿ ಅಮುಕಿ ಹಿಡಿದು ಗಿರಾಕಿಗೆ ತೋರಿಸಿದರು. ಗವಸು ಕೊಳೆಯಾಗಿದ್ದರೆ ಅದೂ ಬೆವರಿದ ಕೈಯೇ ಅಲ್ವಾ? ಅದರ ಮೇಲೆ ಹತ್ತಿಯ ಗವಸಿನಲ್ಲಿ ಹಿಡಿತವೂ ಸರಿಯಾಗಿ ಸಿಗಲ್ಲ. ನಾಣ್ಯ ಜಾರಿ ಕಲ್ಲಿನ ನೆಲಕ್ಕೆ ಬಿದ್ದರೆ ಅಂಚಿಗೆ ಬೀಳುವ ಪೆಟ್ಟನ್ನು ಯಾರೂ ತೆಗೆಯೋಕಾಗಲ್ಲ. ಗವಸು ಬೇಕೇ ಬೇಕು ಅನ್ನುವವರು ಈಗ ಆಸ್ಪತ್ರೆಯಲ್ಲಿ ಬಳಸುವಂಥ ನೈಟ್ರೈಲ್ ಗವಸು ಹಾಕಿಕೊಳ್ಳುತ್ತಾರೆ, ಯಾಕೆಂದರೆ ಅದು ಬೆರಳಿಗೆ ಅಂಟಿಕೊಂಡ ಹಾಗೆ ಕೂರುತ್ತದೆ.

ಹಾಗಂತ 'ಮುಟ್ಟಬಾರದು' ಅನ್ನುವ ಮಾತು ಪೂರ್ತಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ಯಾವ ನಾಣ್ಯಕ್ಕೆ ಹೇಳಿದ ಮಾತು ಅನ್ನೋದು ಮುಖ್ಯ. ನಮ್ಮ ಬೆವರಿನಲ್ಲಿ ಉಪ್ಪು ಇರುತ್ತದೆ, ಲ್ಯಾಕ್ಟಿಕ್ ಆಮ್ಲ ಇರುತ್ತದೆ, ಚರ್ಮದಿಂದ ಎಣ್ಣೆ ಬರುತ್ತದೆ. ಹೊಸ ತಾಮ್ರದ ನಾಣ್ಯದ ಕೆಂಪು ಹೊಳಪಿನ ಮೇಲೆ ಹೆಬ್ಬೆರಳು ಒತ್ತಿದರೆ ಆ ಗುರುತು ಮೊದಲು ಕಾಣಲ್ಲ. ಕೆಲವು ದಿನ, ಕೆಲವು ವಾರ ಬಿಟ್ಟು ನೋಡಿದರೆ ಬೆರಳಿನ ಗೆರೆ ಕಂದು ಬಣ್ಣದಲ್ಲಿ ಎದ್ದು ನಿಂತಿರುತ್ತದೆ, ಆಧಾರ್ ಕಾರ್ಡಿಗೆ ಒತ್ತಿದ ಹಾಗೆ. ಅದು ಹೋಗಲ್ಲ. ಸರ್ಕಾರದ ಟಂಕಸಾಲೆಯವರು ಸಂಗ್ರಹಕಾರರಿಗೆ ಅಂತಲೇ ಮಾಡುವ ಪ್ರೂಫ್ ನಾಣ್ಯಗಳು ಕನ್ನಡಿಯ ಹಾಗೆ ಹೊಳೆಯುತ್ತವೆ. ಅದರ ಮೇಲೆ ಒಂದು ಬೆರಳಚ್ಚು ಬಿದ್ದರೂ ಬೆಲೆ ಬಿತ್ತು. ಒಂದು ದಿನವೂ ಚಲಾವಣೆ ಕಾಣದೆ ಉಳಿದ ಹಳೇ ನಾಣ್ಯಕ್ಕೂ ಇದೇ ಮಾತು. ಅಂಥವನ್ನು ಕೈಯಲ್ಲಿ ಹಿಡಿಯಲೇಬೇಕಾದರೆ ಸೋಪಿನಲ್ಲಿ ಕೈ ತೊಳೆದು, ಪೂರ್ತಿ ಒಣಗಿಸಿ, ಬರೀ ಅಂಚನ್ನು ಎರಡು ಬೆರಳಲ್ಲಿ ಹಿಡಿಯಬೇಕು. ಕೆಳಗೆ ಮಡಚಿದ ಟವೆಲ್ ಇರಬೇಕು. ಅದರ ಮೇಲೆ ಬಾಗಿ ಮಾತಾಡಬಾರದು, ಎಂಜಲಿನ ಒಂದು ಹನಿ ಸಿಡಿದರೂ ಕಲೆ ಆಗುತ್ತದೆ.

ಆದರೆ ಆ ತಾಟಿನಲ್ಲಿದ್ದ ಕಾಸು? ಅದು ಬೆವರು ನೋಡದ ನಾಣ್ಯವೇ? ಸಂತೆಯಲ್ಲಿ ಉಪ್ಪು ಮಾರುವವರ ಕೈಯಿಂದ ಹತ್ತಿ ಬಿಡಿಸುವವರ ಕೈಗೆ, ಅಲ್ಲಿಂದ ಸೆರಗಿನ ಗಂಟಿಗೆ, ಗಂಟಿನಿಂದ ಎಲೆಅಡಿಕೆ ಚೀಲಕ್ಕೆ, ದೇವರ ಹುಂಡಿಗೆ, ಹೀಗೆ ಎಷ್ಟೋ ವರ್ಷ ಓಡಾಡಿದ್ದು ಅದು. ಅದರ ಮೇಲಿನ ಕಂದು ಬಣ್ಣ ಇದೆಯಲ್ಲ, ಅದು ಕೊಳೆ ಅಲ್ಲ. ತಾಮ್ರ ಗಾಳಿಯ ಜೊತೆ ಸೇರಿ ತನಗೆ ತಾನೇ ಹೊದ್ದುಕೊಂಡ ಪದರ. ಒಳಗಿನ ತಾಮ್ರವನ್ನು ಅದೇ ಕಾಪಾಡುತ್ತದೆ. ನೂರು ವರ್ಷ ಲಕ್ಷ ಕೈಗಳನ್ನು ತಡೆದುಕೊಂಡದ್ದು ನನ್ನ ಮೊಮ್ಮಗಳ ಐದು ಬೆರಳಿಗೆ ಹಾಳಾಗುತ್ತದೆ ಅಂದರೆ ನಾನು ಒಪ್ಪಲ್ಲ.

ನಿಜವಾಗಿ ನಾಣ್ಯ ಹಾಳು ಮಾಡುವುದು ಯಾವುದು ಗೊತ್ತಾ? ತಿಕ್ಕೋದು. ನಿಮ್ಮ ಬರಹದಲ್ಲಿ ಅದಕ್ಕೆ ಒಂದೂವರೆ ಸಾಲು ಕೊಟ್ಟಿದ್ದಿರಿ, ಅದೂ ಕೊನೆಗೆ. ನನಗೆ ಬೇಜಾರಾದದ್ದು ಅದಕ್ಕೇ.

ನಮ್ಮ ಕಡೆ ತಾಮ್ರ ಅಂದರೆ ಕೈ ತಾನಾಗಿ ಹುಣಸೆಹಣ್ಣಿಗೆ ಹೋಗುತ್ತದೆ. ತಂಬಿಗೆ, ತಾಟು, ಪೂಜೆ ಸಾಮಾನು ಎಲ್ಲ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದವರು ನಾವು. ನಾನೂ ಅದನ್ನೇ ಮಾಡಿದೆ. ಒಂಬತ್ತನೇ ಇಯತ್ತೆಯಲ್ಲಿದ್ದಾಗ ಅಪ್ಪನ ಡಬ್ಬಿಯಲ್ಲಿ 1862ರ ಒಂದು ಕಾಲಾಣೆ ಸಿಕ್ಕಿತು, ರೂಪಾಯಿಗೆ ಹದಿನಾರು ಆಣೆ ಇದ್ದ ಕಾಲದ, ಆಣೆಯ ಕಾಲು ಭಾಗದ ತಾಮ್ರದ ನಾಣ್ಯ. ವಿಕ್ಟೋರಿಯಾ ರಾಣಿಯ ಕೂದಲಿನ ಎಳೆ ಎಳೆ ಕಾಣುತ್ತಿತ್ತು, ಬಣ್ಣ ಮಾತ್ರ ಚಾಕೊಲೇಟಿನ ಹಾಗೆ ಕಪ್ಪಗೆ. ಮಾರನೇ ದಿನ ಗೆಳೆಯರಿಗೆ ತೋರಿಸಬೇಕು, ಹೊಳೆಯಬೇಕು ಅಂತ ಅವ್ವನಿಗೆ ಗೊತ್ತಾಗದ ಹಾಗೆ ಹುಣಸೆಹಣ್ಣು ಕದ್ದು ಹಿತ್ತಲಲ್ಲಿ ಕೂತು ಅರ್ಧ ಗಂಟೆ ತಿಕ್ಕಿದೆ. ಹೊಳೆಯಿತು, ಹೊಸ ತಂಬಿಗೆ ಹೊಳೆದ ಹಾಗೆ. ಎಂಟು ದಿನ ಅಷ್ಟೇ. ಆಮೇಲೆ ಒಂದು ಕಡೆ ಗುಲಾಬಿ, ಒಂದು ಕಡೆ ಕಪ್ಪು, ಒಂದು ಕಡೆ ನವಿಲುಗರಿ ಬಣ್ಣ, ತೇಪೆ ಹಚ್ಚಿದ ಹಾಗೆ ಆಯಿತು. ಎಷ್ಟೋ ವರ್ಷದ ಮೇಲೆ ನಾಣ್ಯ ಬಲ್ಲ ಒಬ್ಬ ಸರಾಫರಿಗೆ ತೋರಿಸಿದೆ. ಅವರು ಲೆನ್ಸು ಕೂಡ ತೆಗೆಯಲಿಲ್ಲ. "ತಿಕ್ಕೀರಿ?" ಅಂದರು. ಹೌದು ಅಂದೆ. ವಾಪಸ್ ನನ್ನ ಕೈಗೇ ಇಟ್ಟರು.

ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಮ್ಲ ಇದೆ. ಅದು ಆ ಕಂದು ಪದರವನ್ನು ಕರಗಿಸಿ ಹಸಿ ತಾಮ್ರವನ್ನು ಹೊರಗೆ ತರುತ್ತದೆ. ಹಸಿ ತಾಮ್ರ ಮತ್ತೆ ಗಾಳಿಗೆ, ಬೆವರಿಗೆ ಸಿಕ್ಕಿ ಇನ್ನೂ ಬೇಗ, ಇನ್ನೂ ಕೆಟ್ಟದಾಗಿ ಬಣ್ಣ ಕೆಡುತ್ತದೆ. ಬೂದಿಯಿಂದ ಬೀಳುವ ಸಣ್ಣ ಗೀರುಗಳು ಬೇರೆ. ಕಪ್ಪಾದ ಬೆಳ್ಳಿಯದೂ ಇದೇ ಕತೆ. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಬೆಳ್ಳಿ ಕಪ್ಪಾಗುತ್ತದೆ, ಅದನ್ನು ಹಲ್ಲುಪುಡಿ ಹಾಕಿ ಉಜ್ಜಿದರೆ ಕಪ್ಪಿನ ಜೊತೆ ಬೆಳ್ಳಿಯೂ ಸ್ವಲ್ಪ ಹೋಗುತ್ತದೆ.

ದೀಪಾವಳಿ ಲಕ್ಷ್ಮೀಪೂಜೆಗೆ ಮನೆಮನೆಯಲ್ಲಿ ಬೆಳ್ಳಿ ರೂಪಾಯಿ ಹೊರಬರುತ್ತವೆ, ಹಾಲಿನಲ್ಲಿ ತೊಳೆಯುತ್ತಾರೆ, ಅರಿಸಿನ ಕುಂಕುಮ ಹಚ್ಚುತ್ತಾರೆ. ನಮ್ಮ ಮನೆಯಲ್ಲೂ ಹಾಗೇ. ಇದರ ಬಗ್ಗೆ ನಾನೂ ನಮ್ಮ ಮನೆಯಾಕೆಯೂ ಒಂದಷ್ಟು ವರ್ಷ ಜಗಳ ಆಡಿದೆವು. ಈಗ ಒಪ್ಪಂದ ಆಗಿದೆ. ಐದು ಬೆಳ್ಳಿ ರೂಪಾಯಿ ದೇವರಿಗೆ, ಅವನ್ನು ಆಕೆ ಬೇಕಾದ ಹಾಗೆ ತೊಳೆಯಬಹುದು, ತಿಕ್ಕಬಹುದು. ಉಳಿದದ್ದು ಡಬ್ಬಿಯಲ್ಲಿ ಕಪ್ಪಗೇ ಇರಬೇಕು. ದೇವರ ನಾಣ್ಯ ದೇವರದು, ಅದರ ಬೆಲೆಯನ್ನು ಸರಾಫರಿಗೆ ಕೇಳುವ ಮಾತೇ ಇಲ್ಲ.

ಇತ್ತೀಚೆಗೆ ಇನ್ನೊಂದು ಹಾವಳಿ. 'ನಿಮ್ಮ ಹತ್ತಿರ ಈ ನಾಣ್ಯ ಇದ್ದರೆ ಲಕ್ಷಾಧಿಪತಿ' ಅಂತ ಮೊಬೈಲಿಗೆ ಬರುವ ವಿಡಿಯೊಗಳು. ಅದನ್ನು ನೋಡಿ ಜನ ಮನೆಯಲ್ಲಿದ್ದದ್ದನ್ನೆಲ್ಲ ಮೊದಲು ಪಾತ್ರೆ ಸೋಪಿನಲ್ಲಿ ತಿಕ್ಕಿ ಹೊಳೆಸಿ ಆಮೇಲೆ ಫೋಟೊ ತೆಗೆಯುತ್ತಾರೆ. ತನ್ನ ಹೆಸರು ಹೇಳಿಕೊಂಡು ಹಳೇ ನೋಟು, ನಾಣ್ಯಕ್ಕೆ ಕಮಿಷನ್ನು, ತೆರಿಗೆ ಅಂತ ದುಡ್ಡು ಕೇಳುವವರನ್ನು ನಂಬಬೇಡಿ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಹೇಳಿದೆ. ಅದು ಇರಲಿ, ಆ ವಿಷಯಕ್ಕೆ ಬೇರೆ ಪತ್ರವೇ ಬೇಕಾಗುತ್ತದೆ.

ನಾನು ಹೇಳಬೇಕಾದದ್ದು ಮುಟ್ಟುವುದರ ಬಗ್ಗೆ. ನಾಣ್ಯ ಮಾಡಿದ್ದೇ ಕೈಗೆ. ಕಣ್ಣಿಗಲ್ಲ. ಬ್ರಿಟಿಷರ ಕಾಲದ ಒಂದಾಣೆಯನ್ನು ನೋಡಿ, ಅಂಚು ಅಲೆಅಲೆಯಾಗಿದೆ. 1918ರಿಂದ ಬಂದ ಎರಡಾಣೆ ಚೌಕ. ಯುದ್ಧದ ಕಾಲದಲ್ಲಿ, 1943ರಲ್ಲಿ, ಲೋಹ ಉಳಿಸಲು ಮಾಡಿದ ಕಾಸಿಗೆ ನಡುವೆ ದೊಡ್ಡ ತೂತು. ಕಂದೀಲು ಆರಿದ ಅಂಗಡಿಯಲ್ಲೂ ಬೆರಳಿಗೇ ಲೆಕ್ಕ ಸಿಗುತ್ತಿತ್ತು. ನಮ್ಮ ಅಪ್ಪ ಗಿರಾಕಿಯ ಮುಖ ನೋಡುತ್ತ ಮಾತಾಡುತ್ತಲೇ ಪೆಟ್ಟಿಗೆಗೆ ಕೈ ಹಾಕಿ ಸರಿಯಾಗಿ ಮೂರಾಣೆ ತೆಗೆದು ಕೊಡುತ್ತಿದ್ದರಂತೆ. ಅನುಮಾನದ ರೂಪಾಯಿ ಬಂದರೆ ಹೆಬ್ಬೆರಳಿನ ಉಗುರಿನಿಂದ ಮೇಲಕ್ಕೆ ಚಿಮ್ಮಿ, ಅದರ ಸದ್ದು ಕೇಳಿ, ಆಮೇಲೆ ಅಂಚಿನ ಮೇಲೆ ಬೆರಳಾಡಿಸುತ್ತಿದ್ದರು. 1940ರಲ್ಲಿ ರೂಪಾಯಿಯಲ್ಲಿನ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು, ಅದಕ್ಕೂ ಮುಂಚೆ ನೂರಕ್ಕೆ ಸುಮಾರು 92 ಭಾಗ ಬೆಳ್ಳಿ ಇರುತ್ತಿತ್ತು. ಖೋಟಾ ಮಾಡುವವರಿಗೆ ಕಷ್ಟ ಆಗಲಿ ಅಂತ ಆ ಹೊಸ ರೂಪಾಯಿಗಳ ಅಂಚಿನ ಕೊರೆತವನ್ನೂ ಬದಲಿಸಿದರು. ಇದನ್ನು ಗಾಜಿನ ಪೆಟ್ಟಿಗೆಯ ಹೊರಗೆ ನಿಂತು ನೋಡಿದರೆ ಏನು ತಿಳಿಯುತ್ತದೆ ಹೇಳಿ?

ಇನ್ನು ತೂಕ. ಹಳೇ ಬೆಳ್ಳಿ ರೂಪಾಯಿ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಬಂಗಾರದ ಅಂಗಡಿಯಲ್ಲಿ ನಾವು ಇವತ್ತಿಗೂ ತೊಲ ತೊಲ ಅನ್ನುತ್ತೇವಲ್ಲ, ಆ ತೊಲ ಎಷ್ಟು ಭಾರ ಅಂತ ಮಕ್ಕಳಿಗೆ ಗೊತ್ತಾಗಬೇಕಾದರೆ ರೂಪಾಯಿಯನ್ನು ಅಂಗೈಯಲ್ಲಿ ಇಡಬೇಕು. ಬೋರ್ಡಿನ ಮೇಲೆ ಬರೆದರೆ ಅದು ಬರೀ ಒಂದು ಸಂಖ್ಯೆ.

ಕ್ಲಾಸಿಗೆ ನಾನು ಪ್ರತಿ ವರ್ಷ ಒಂದು ಕಾಲಾಣೆ ಒಯ್ಯುತ್ತಿದ್ದೆ. ಪೂರ್ತಿ ಸವೆದದ್ದು, ಇಸವಿಯಲ್ಲಿ 18 ಅಷ್ಟೇ ಕಾಣುತ್ತದೆ. 1906ಕ್ಕೆ ಮುಂಚಿನ ದಪ್ಪ ತಾಮ್ರದ ಕಾಲಾಣೆ ಟಂಕಸಾಲೆಯಿಂದ ಹೊರಡುವಾಗ ಸುಮಾರು 6.47 ಗ್ರಾಂ ಇರುತ್ತಿತ್ತು. ನನ್ನದನ್ನು ಸರಾಫರ ಕಾಟಾದ ಮೇಲೆ ಇಟ್ಟಾಗ 5.8 ಬಂತು. ಅದನ್ನು ಮೊದಲ ಬೆಂಚಿನಿಂದ ಕೊನೆಯ ಬೆಂಚಿನವರೆಗೆ ಕೈಯಿಂದ ಕೈಗೆ ಕಳಿಸುತ್ತಿದ್ದೆ. ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳೇ ಕೇಳುತ್ತಿದ್ದರು, "ಸರ್, ರಾಣಿ ಮುಖ ಎಲ್ಲಿ ಹೋತ್ರೀ?" ಸವೆದುಹೋದ ತಾಮ್ರದ ಲೆಕ್ಕ ಬೋರ್ಡಿನ ಮೇಲೆ ಬರೆದು, "ಎಲ್ಲಾರ ಬೆರಳಿಗೆ ಒಂಚೂರು ಒಂಚೂರು ಹತ್ತಿಕೊಂಡು ಹೋತಪಾ, ಈಗ ನಿನ್ನ ಬೆರಳಿಗೂ ಹತ್ತೇತಿ ನೋಡು" ಅನ್ನುತ್ತಿದ್ದೆ. ಎಲ್ಲರೂ ತಮ್ಮ ತಮ್ಮ ಬೆರಳು ಮೂಸಿ ನೋಡಿಕೊಳ್ಳುತ್ತಿದ್ದರು. ಆ ಪಾಠವನ್ನು ಯಾರೂ ಮರೆತಿಲ್ಲ. ಈಗಲೂ ಮುಳಗುಂದ ನಾಕಾದಲ್ಲಿ ಸಿಗುವ ಹಳೇ ವಿದ್ಯಾರ್ಥಿಗಳು ಆ ಕಾಲಾಣೆ ಇದೆಯಾ ಸರ್ ಅಂತ ಕೇಳುತ್ತಾರೆ, ನಾನು ಕಲಿಸಿದ ಫ್ರೆಂಚ್ ಕ್ರಾಂತಿಯನ್ನು ಒಬ್ಬರೂ ಕೇಳಿಲ್ಲ.

ನಮ್ಮ ಊರಿಗೂ ನಾಣ್ಯಕ್ಕೂ ಇರುವ ನಂಟು ಸಣ್ಣದೇನಲ್ಲ. ಗದಗಿನಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಯಲ್ಲಿ, ಅತ್ತಿಮಬ್ಬೆ ಬಸದಿ ಕಟ್ಟಿಸಿದ ಆ ಊರಿನಲ್ಲಿ, ಟಂಕಸಾಲೆ ಇತ್ತು. ಊರಿನ ಹಳೇ ಹೆಸರು ಲೊಕ್ಕಿಗುಂಡಿ, ಆ ಹೆಸರಿನಿಂದಲೇ ಶಾಸನಗಳಲ್ಲಿ 'ಲೊಕ್ಕಿ ಗದ್ಯಾಣ' ಅನ್ನುವ ಬಂಗಾರದ ನಾಣ್ಯದ ಮಾತು ಬರುತ್ತದೆ. ಟಿಪ್ಪು ಸುಲ್ತಾನ ಧಾರವಾಡಕ್ಕೆ ಖುರ್ಷಿದ್ ಸವಾದ್ ಅಂತ ಹೆಸರಿಟ್ಟು ಅಲ್ಲಿಂದಲೂ ನಾಣ್ಯ ಹೊರಡಿಸಿದ್ದ. ಇಂಥ ಕಡೆ ಹುಟ್ಟಿದ ಮಕ್ಕಳು ಹಳೇ ನಾಣ್ಯವನ್ನು ಬರೀ ಫೋಟೊದಲ್ಲಿ ನೋಡಬೇಕು ಅಂದರೆ ಹೇಗೆ? ಬಂಗಾರದ ಗದ್ಯಾಣವನ್ನು ಮಕ್ಕಳ ಕೈಗೆ ಕೊಡಿ ಅಂತ ನಾನು ಕೇಳುತ್ತಿಲ್ಲ. ಬಂಗಾರ ಬೆವರಿಗೆ ಹೆದರಲ್ಲ, ಆದರೆ ಮೆತ್ತಗಿನ ಲೋಹ, ಉಜ್ಜಿದರೆ ಸವೆಯುತ್ತದೆ. ಕಳ್ಳರ ಭಯ ಬೇರೆ.

ಮುಟ್ಟಬಾರದ ಸವೆದ ನಾಣ್ಯಗಳೂ ಇವೆ, ಅದನ್ನೂ ಹೇಳಿಬಿಡುತ್ತೇನೆ. ಮಣ್ಣಿನಲ್ಲಿ ಹೂತಿದ್ದ ತಾಮ್ರದ ನಾಣ್ಯದ ಮೇಲೆ ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಅದು ರೋಗ. ಮಣ್ಣಿನ ಉಪ್ಪು ಒಳಗೆ ಸೇರಿ ಲೋಹವನ್ನು ತಿನ್ನುತ್ತಿರುತ್ತದೆ, ತೇವ ತಾಗಿದಷ್ಟೂ ಜಾಸ್ತಿ ಆಗುತ್ತದೆ. ಅದನ್ನು ಬೇರೆ ಇಡಬೇಕು. ಗಟ್ಟಿಯಾಗಿ ಕೂತ ಕಡು ಹಸಿರು ಬಣ್ಣವಾದರೆ ಚಿಂತೆ ಇಲ್ಲ. ಶಾತವಾಹನರ ಸೀಸದ ನಾಣ್ಯ ಸಿಕ್ಕರೆ ಮಕ್ಕಳ ಕೈಗೆ ಬೇಡವೇ ಬೇಡ, ಅಲ್ಲಿ ನಾಣ್ಯಕ್ಕಿಂತ ಮಗುವಿಗೆ ತೊಂದರೆ, ಸೀಸ ವಿಷ. ಯಾವ ಹಳೇ ನಾಣ್ಯ ಮುಟ್ಟಿದರೂ ಊಟಕ್ಕೆ ಮುಂಚೆ ಕೈ ತೊಳೆಯಬೇಕು. ಹೊಲ ಹರಗುವಾಗಲೋ ಪಾಯ ತೋಡುವಾಗಲೋ ನಾಣ್ಯದ ಗಡಿಗೆ ಸಿಕ್ಕರೆ ತೊಳೆಯಲೂ ಬೇಡಿ, ಹಂಚಿಕೊಳ್ಳಲೂ ಬೇಡಿ, ಕಾನೂನಿನ ಪ್ರಕಾರ ಸರ್ಕಾರಕ್ಕೆ ತಿಳಿಸಬೇಕು.

ಇಡುವ ವಿಷಯದಲ್ಲಿ ನಿಮ್ಮ ಬರಹ ಹೇಳಿದ್ದು ಸರಿ ಇತ್ತು. ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಪಾಕೀಟಿನಲ್ಲಿ ವರ್ಷಗಟ್ಟಲೆ ಇಟ್ಟರೆ ಹಸಿರು ಅಂಟು ಬರುತ್ತದೆ, ನನ್ನ ನಾಲ್ಕು ಪಾವಲಿ (ಕಾಲು ರೂಪಾಯಿ ನಾಣ್ಯ) ಹಾಗೇ ಕೆಟ್ಟವು. ರಬ್ಬರ್ ಬ್ಯಾಂಡ್ ಹಾಕಿದರೆ ಬೆಳ್ಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ನೀವು ಬಿಟ್ಟಿದ್ದು ಒಂದೇ, ಬೆಳ್ಳಿಯನ್ನು ನ್ಯೂಸ್ ಪೇಪರಿನಲ್ಲಿ ಸುತ್ತಿಡಬಾರದು. ಅದೂ ಕಪ್ಪು ಮಾಡುತ್ತದೆ. ನಮ್ಮಪ್ಪ ಸುತ್ತಿಟ್ಟದ್ದು ಅದರಲ್ಲೇ. ಪೇಪರ್ ಯಾವುದು ಅಂತ ಹೇಳಲ್ಲ ಬಿಡಿ.

ಈಗ ನನ್ನ ಬೇಡಿಕೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ನಾಣ್ಯ ಪ್ರದರ್ಶನ ಮಾಡುವವರು ದಯವಿಟ್ಟು ಒಂದು ಟೇಬಲ್ ಮಕ್ಕಳಿಗೆ ಅಂತ ಬಿಡಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲೇ ಬಂದವರು ಕೆಲವು ಹಳೇ ವಸ್ತುಗಳನ್ನು ಕೈಯಲ್ಲಿ ಹಿಡಿದು ನೋಡಲು ಬೇರೆ ಮೇಜುಗಳಿವೆ, ನಾಣ್ಯವೂ ಅದರಲ್ಲಿ ಸೇರಿದೆ. ನಮ್ಮಲ್ಲಿ ಇದಕ್ಕೆ ಖರ್ಚೇನೂ ಇಲ್ಲ. ಒಂದು ದಪ್ಪ ಟವೆಲ್ ಹಾಸಿ, ಅದರ ಮೇಲೆ ಇಪ್ಪತ್ತು ಸವೆದ ನಾಣ್ಯ ಇಡಿ, ಪಕ್ಕದಲ್ಲಿ ಒಂದು ಭೂತಗನ್ನಡಿ ಇಡಿ. ಅಂಚು ಹಿಡಿಯೋದು ಹೇಗೆ ಅಂತ ತೋರಿಸಲು ಸಮಾಧಾನದವರು ಯಾರಾದರೂ ಒಬ್ಬರು ಕೂತರೆ ಸಾಕು, ಸವೆದ ನಾಣ್ಯದ ಮೇಲೆ ಕಲಿತ ಮಗು ನಾಳೆ ಒಳ್ಳೇ ನಾಣ್ಯವನ್ನೂ ಹಾಗೇ ಹಿಡಿಯುತ್ತದೆ. ಗದರಿಸಿ ಕಳಿಸಿದ ಮಗು ಮತ್ತೆ ಬರಲ್ಲ.

ನಾಣ್ಯ ಕಮ್ಮಿ ಬಿದ್ದರೆ ನನ್ನ ಡಬ್ಬಿಯಿಂದ ಇಪ್ಪತ್ತು ಕಾಲಾಣೆ, ಐದು ತೂತಿನ ಕಾಸು ಕೊಡುತ್ತೇನೆ. ಒಂದೆರಡು ಕಳೆದುಹೋದರೆ ಲೆಕ್ಕ ಕೇಳಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿದ ಆ 1862ರದ್ದನ್ನು ಮಾತ್ರ ಕೇಳಬೇಡಿ. ಹುಬ್ಬಳ್ಳಿಯಿಂದ ಬಂದ ದಿನ ರಾತ್ರಿಯೇ ಅದು ಮೊಮ್ಮಗಳ ಕಂಪಾಸ್ ಪೆಟ್ಟಿಗೆ ಸೇರಿದೆ, ದಿನಾ ಶಾಲೆಗೆ ಹೋಗಿ ಬರುತ್ತಿದೆ.

ಇಂತಿ ನಿಮ್ಮ ಓದುಗ,
ನಿವೃತ್ತ ಶಿಕ್ಷಕ, ಬೆಟಗೇರಿ, ಗದಗ